ಬ್ಯಾರನ್ ದೆರ್ಲಾಂಜೆ ಮತ್ತು ಅರಬ್ ಸಂಗೀತದ ಪುನರುಜ್ಜೀವನ

ಪೀಠಿಕೆ

ಮಧ್ಯಯುಗದ ಕಾವ್ಯವೊಂದನ್ನು ಮರಳಿ ಓದುವಂತೆ ಮಾಡುವುದಕ್ಕೂ ಅದೇ ಕಾಲದ ಸಂಗೀತವನ್ನು ಮರಳಿ ಕೇಳುವಂತೆ ಮಾಡುವುದಕ್ಕೂ ಬಹಳ ಅಂತರವಿದೆ. ಕಾವ್ಯಕ್ಕೆ ಓಲೆಯೋ ಕಾಗದವೋ ಆಧಾರವಾಗಿರುತ್ತದೆ. ಪಾಠಾಂತರಗಳು ಎಷ್ಟೇ ಇದ್ದರೂ ಪಾಠ ಎಂಬುದೊಂದು ಇರುತ್ತದೆ. ಸಂಗೀತದ ವಿಷಯ ಹಾಗಲ್ಲ. ನಾದ ಅಡಗಿದ ಮೇಲೆ ಉಳಿಯುವುದು ಅದರ ಸುತ್ತಲಿನ ಕುರುಹುಗಳು ಮಾತ್ರ. ಈ ಕುರುಹುಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಚಿತ್ರ, ಶಿಲ್ಪಗಳಲ್ಲಿ ಕಾಣುವ ವಾದ್ಯಗಳ ರೂಪ. ಎರಡನೆಯದು ಶಾಸ್ತ್ರಗ್ರಂಥಗಳು ಹೇಳುವ ಸ್ವರ, ತಂತಿ ಮತ್ತು ಅಳತೆಗಳ ವಿವರ. ಮೂರನೆಯದು ಗುರುವಿನಿಂದ ಶಿಷ್ಯನಿಗೆ ಕಂಠದಿಂದ ಕಂಠಕ್ಕೆ, ಕೈಯಿಂದ ಕೈಗೆ ಇಳಿದುಬಂದ ಪ್ರಯೋಗ. ಇವುಗಳಲ್ಲಿ ಯಾವುದಾದರೂ ಒಂದನ್ನೇ ನೆಚ್ಚಿದರೆ ಸಿಗುವುದು ಸಂಗೀತದ ನೆರಳೇ ಹೊರತು ಸಂಗೀತವಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಮೂರನ್ನೂ ಒಂದೆಡೆ ತರಲು ಯತ್ನಿಸಿದವರಲ್ಲಿ ಬ್ಯಾರನ್ ರೊಡಾಲ್ಫ್ ದೆರ್ಲಾಂಜೆ (1872-1932) ಪ್ರಮುಖರು. ವೃತ್ತಿಯಿಂದ ಚಿತ್ರಕಾರರು, ಹುಟ್ಟಿನಿಂದ ಶ್ರೀಮಂತ ಬ್ಯಾಂಕರ್ ಮನೆತನದವರು, ನೆಲೆಸಿದ್ದು ಫ್ರೆಂಚರ ಆಳ್ವಿಕೆಯಲ್ಲಿದ್ದ ಟುನೀಶಿಯಾದಲ್ಲಿ. ಅವರ ಹೆಸರಿನಲ್ಲಿ ಪ್ರಕಟವಾದ ಆರು ಸಂಪುಟಗಳ ‘ಲಾ ಮ್ಯೂಸಿಕ್ ಅರಾಬ್’ ಅರಬ್ ಸಂಗೀತಶಾಸ್ತ್ರದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಗ್ರಂಥಗಳಲ್ಲಿ ಒಂದು. ಆದರೆ ಅವರ ಬದುಕನ್ನು ಪರಕೀಯ ಸಂಸ್ಕೃತಿಯೊಂದನ್ನು ಕಾಪಾಡಿದ ಮಹನೀಯರ ಚರಿತ್ರೆಯಾಗಿ ಮಾತ್ರ ಓದಿದರೆ ಅರ್ಧ ಸತ್ಯವಷ್ಟೇ ಕೈಗೆ ಸಿಗುತ್ತದೆ. ಯಾವ ನಾಡಿನ ಸಂಗೀತವನ್ನು ಅವರು ಉಳಿಸಲು ಹೊರಟರೋ ಆ ನಾಡು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡ ಚರಿತ್ರೆಯಲ್ಲಿ ಅವರ ತಂದೆಯ ಬ್ಯಾಂಕಿಗೂ ಪಾಲಿತ್ತು. ಆ ಸಂಗೀತವನ್ನು ಅವರಿಗೆ ತಿಳಿಸಿಕೊಟ್ಟವರು ಆ ನಾಡಿನ ಮತ್ತು ಅರಬ್ ಜಗತ್ತಿನ ವಿದ್ವಾಂಸರು. ಗ್ರಂಥದ ಮುಖಪುಟದಲ್ಲಿ ಉಳಿದದ್ದು ಒಂದೇ ಹೆಸರು. ಪುನರುಜ್ಜೀವನ ಎಂಬ ಮಾತಿನ ಹಿಂದಿರುವ ಈ ಕೊಡು-ಕೊಳ್ಳುವಿಕೆಯ ಲೆಕ್ಕವನ್ನು ಪರಿಶೀಲಿಸಲು ದೆರ್ಲಾಂಜೆಯವರ ಜೀವನ ಒಂದು ಒಳ್ಳೆಯ ಸಂದರ್ಭ.

ಸಮುದ್ರದ ಎರಡು ದಡಗಳು

ದೆರ್ಲಾಂಜೆಯವರು ಬದುಕಿದ ನೆಲದ ಸಂಗೀತಚರಿತ್ರೆಯನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಇಂದಿನ ಟುನೀಶಿಯಾವನ್ನು ಮಧ್ಯಯುಗದ ಅರಬರು ಇಫ್ರೀಕಿಯಾ ಎಂದು ಕರೆಯುತ್ತಿದ್ದರು. ಇಫ್ರೀಕಿಯಾದ ಅಘ್ಲಬಿದ್ ಅರಸರ ಸೈನ್ಯ 827ರಲ್ಲಿ ಸಿಸಿಲಿ ದ್ವೀಪಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಎರಡು ಶತಮಾನಕ್ಕೂ ಮಿಕ್ಕಿ ಸಿಸಿಲಿ ಅರಬ್ ಜಗತ್ತಿನ ಭಾಗವಾಗಿತ್ತು. 1072ರಲ್ಲಿ ನಾರ್ಮನ್ನರು ಪಲೆರ್ಮೊ ನಗರವನ್ನು ವಶಪಡಿಸಿಕೊಂಡರು. ಆದರೂ ಅರಬ್ ಕುಶಲಕರ್ಮಿಗಳು, ಲಿಪಿಕಾರರು, ವಿದ್ವಾಂಸರು ನಾರ್ಮನ್ ಆಸ್ಥಾನದಲ್ಲಿ ಉಳಿದರು. 1130ರಲ್ಲಿ ಪಟ್ಟವೇರಿದ ಎರಡನೆಯ ರೋಜರ್ ದೊರೆಯ ಕಾಲದಲ್ಲಿ ಅರಬ್ಬಿ, ಗ್ರೀಕ್, ಲ್ಯಾಟಿನ್ ಮೂರೂ ಆಡಳಿತದ ಭಾಷೆಗಳಾಗಿದ್ದವು. ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿ ತನ್ನ ಪ್ರಸಿದ್ಧ ಗ್ರಂಥವನ್ನು 1154ರಲ್ಲಿ ಮುಗಿಸಿದ್ದು ಈ ದೊರೆಯ ಆಶ್ರಯದಲ್ಲಿಯೇ.

ಪಲೆರ್ಮೊದ ಅರಮನೆಯಲ್ಲಿ ರೋಜರ್ ಕಟ್ಟಿಸಿದ ಪ್ರಾರ್ಥನಾಮಂದಿರದ ಮರದ ಚಾವಣಿ ಸಂಗೀತಚರಿತ್ರೆಯ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಕ್ರೈಸ್ತ ದೇಗುಲದ ಆ ಚಾವಣಿಯ ಮೇಲೆ ಇಸ್ಲಾಮಿ ಶೈಲಿಯ ಚಿತ್ರಗಳಿವೆ. ಊದ್ ನುಡಿಸುವವರು, ಕೊಳಲೂದುವವರು, ಚರ್ಮವಾದ್ಯ ಬಾರಿಸುವವರು, ನರ್ತಕಿಯರು ಅಲ್ಲಿ ಕಾಣಿಸುತ್ತಾರೆ. ಹನ್ನೆರಡನೆಯ ಶತಮಾನದ ನಡುವಿನ ಈ ಚಿತ್ರಗಳು ವಾದ್ಯಗಳ ರೂಪವನ್ನು ತಿಳಿಯಲು ಬೆಲೆಬಾಳುವ ಆಕರ. ರೋಜರ್‌ನ ನೌಕಾಪಡೆ 1148ರಲ್ಲಿ ಇಫ್ರೀಕಿಯಾದ ಮಹದಿಯಾ ಪಟ್ಟಣವನ್ನು ಹಿಡಿದುಕೊಂಡಿತು. 1160ರಲ್ಲಿ ಅಲ್ಮೊಹಾದರು ಅದನ್ನು ಮರಳಿ ಪಡೆಯುವವರೆಗೆ ಸಮುದ್ರದ ಎರಡೂ ದಡಗಳಲ್ಲಿ ಒಂದೇ ಪ್ರಭುತ್ವವಿತ್ತು. ಹೀಗಾಗಿ ಪಲೆರ್ಮೊದ ಚಾವಣಿಯ ಚಿತ್ರಗಳನ್ನೂ ಟುನೀಶಿಯಾದ ವಾದ್ಯಗಳನ್ನೂ ಒಂದೇ ಸಾಂಸ್ಕೃತಿಕ ವಲಯದ ಸಾಕ್ಷ್ಯಗಳಾಗಿ ನೋಡಲು ಅವಕಾಶವಿದೆ.

ಯುರೋಪಿನ ವಾದ್ಯಗಳ ಹೆಸರುಗಳೂ ಇದೇ ನಂಟನ್ನು ಹೇಳುತ್ತವೆ. ಅರಬ್ಬಿಯ ‘ಅಲ್ ಊದ್’ ಯುರೋಪಿನಲ್ಲಿ ‘ಲ್ಯೂಟ್’ ಆಯಿತು. ಬಿಲ್ಲಿನಿಂದ ನುಡಿಸುವ ‘ರಬಾಬ್’ ‘ರೆಬೆಕ್’ ಆಯಿತು. ಜೋಡಿ ನಗಾರಿಗಳಾದ ‘ನಕ್ಕಾರಾ’ ‘ನೇಕರ್ಸ್’ ಆಯಿತು. ಆದರೆ ಯುರೋಪಿನಲ್ಲಿ ರೆಬೆಕ್, ನೇಕರ್ಸ್ ವಾದ್ಯಗಳ ಬಳಕೆ ಕಾಲಾಂತರದಲ್ಲಿ ನಿಂತಿತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲ್ಯೂಟ್ ಕೂಡ ಹಿಂದೆ ಸರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಮಧ್ಯಯುಗದ ಯುರೋಪಿನ ಸಂಗೀತವನ್ನು ಮರಳಿ ನುಡಿಸಲು ಹೊರಟವರು ಚಿತ್ರ ಮತ್ತು ಹಸ್ತಪ್ರತಿಗಳಿಂದ ಆರಂಭಿಸಬೇಕಾಯಿತು. ಉತ್ತರ ಆಫ್ರಿಕದಲ್ಲಾದರೋ ಈ ವಾದ್ಯಗಳನ್ನು ನುಡಿಸುವ ಕೈಗಳು ಇನ್ನೂ ಇದ್ದವು. ದೆರ್ಲಾಂಜೆಯವರು ಟುನೀಶಿಯಾಕ್ಕೆ ಬಂದಾಗ ಅವರಿಗೆ ದೊರೆತ ಬಹುದೊಡ್ಡ ಸಂಪತ್ತು ಇದೇ.

ಮನೆತನ ಮತ್ತು ಸಾಲ

ರೊಡಾಲ್ಫ್ ದೆರ್ಲಾಂಜೆ 1872ರ ಜೂನ್ 7ರಂದು ಪ್ಯಾರಿಸ್ ಬಳಿಯ ಬುಲೋನ್ ಎಂಬಲ್ಲಿ ಜನಿಸಿದರು. ತಂದೆ ಫ್ರೆಡರಿಕ್ ಎಮಿಲ್ ದೆರ್ಲಾಂಜೆ ಪ್ಯಾರಿಸ್ ಮತ್ತು ಲಂಡನ್‌ಗಳಲ್ಲಿ ವ್ಯವಹಾರ ನಡೆಸುತ್ತಿದ್ದ, ಜರ್ಮನ್ ಮೂಲದ ಬ್ಯಾಂಕರ್. ತಾಯಿ ಮ್ಯಾಥಿಲ್ಡ್, ಅಮೆರಿಕದ ಲೂಸಿಯಾನಾ ರಾಜ್ಯದ ರಾಜಕಾರಣಿ ಜಾನ್ ಸ್ಲೈಡೆಲ್ ಅವರ ಮಗಳು. ಅಣ್ಣಂದಿರಲ್ಲಿ ಎಮಿಲ್ ಬ್ಯಾಂಕಿನ ಹೊಣೆ ಹೊತ್ತರೆ ಫ್ರೆಡರಿಕ್ ಬ್ಯಾಂಕಿನ ಕೆಲಸದ ಜೊತೆಗೆ ಸಂಗೀತ ರಚನಕಾರರಾಗಿಯೂ ಹೆಸರು ಪಡೆದರು. ರೊಡಾಲ್ಫ್ ಅವರ ಮನಸ್ಸು ಬ್ಯಾಂಕಿನ ಕಡೆಗೆ ಹರಿಯಲಿಲ್ಲ. ಅವರು ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. 1897ರಲ್ಲಿ ಎಲಿಸಬೆತ್ತಾ ಬಾರ್ಬಿ ಅವರನ್ನು ಮದುವೆಯಾದರು. ಉತ್ತರ ಆಫ್ರಿಕದ ಬೀದಿ, ಮನೆ, ಜನರನ್ನು ಚಿತ್ರಿಸಿದ ಅವರ ಕೃತಿಗಳು ಆ ಕಾಲದ ಪೌರ್ವಾತ್ಯವಾದಿ ಚಿತ್ರಶೈಲಿಗೆ ಸೇರಿದವು.

ಈ ಮನೆತನಕ್ಕೂ ಟುನೀಶಿಯಾಕ್ಕೂ ನಂಟು ಬೆಳೆದದ್ದು ರೊಡಾಲ್ಫ್ ಹುಟ್ಟುವ ಮೊದಲೇ. 1863ರಲ್ಲಿ ಟುನಿಸ್‌ನ ದೊರೆ ಸಾದಿಕ್ ಬೇ, ಎಮಿಲ್ ದೆರ್ಲಾಂಜೆಯ ಬ್ಯಾಂಕಿನ ಮೂಲಕ ಪ್ಯಾರಿಸ್ಸಿನಲ್ಲಿ 3.5 ಕೋಟಿ ಫ್ರಾಂಕುಗಳ ಸಾಲವನ್ನು ಎತ್ತಿದ. ಬಡ್ಡಿ, ದಲ್ಲಾಳಿ ಮತ್ತು ಕಡಿತಗಳು ಸೇರಿ ಖಜಾನೆಗೆ ನಿಜವಾಗಿ ತಲುಪಿದ ಹಣ ಅದಕ್ಕಿಂತ ಬಹಳ ಕಡಿಮೆಯಾಗಿತ್ತು. ಮಂತ್ರಿ ಮುಸ್ತಫಾ ಖಜ್ನದಾರ್ ಈ ವ್ಯವಹಾರದಿಂದ ಸ್ವಂತಕ್ಕೆ ಲಾಭ ಮಾಡಿಕೊಂಡ. ಸಾಲದ ಹೊರೆ ಬಿದ್ದದ್ದು ಪ್ರಜೆಗಳ ಮೇಲೆ. ‘ಮೆಜ್ಬಾ’ ಎಂಬ ತಲೆಗಂದಾಯವನ್ನು 36 ಪಿಯಾಸ್ತ್ರಗಳಿಂದ 72ಕ್ಕೆ ಏರಿಸಲು ಸರ್ಕಾರ ಮುಂದಾದಾಗ 1864ರಲ್ಲಿ ಅಲಿ ಬಿನ್ ಘಿದಾಹಿಮ್‌ನ ನಾಯಕತ್ವದಲ್ಲಿ ದೊಡ್ಡ ದಂಗೆಯೆದ್ದಿತು. ದಂಗೆಯನ್ನು ಕ್ರೂರವಾಗಿ ಅಡಗಿಸಲಾಯಿತು. ಸಾಲ ಮಾತ್ರ ಅಡಗಲಿಲ್ಲ. 1869ರಲ್ಲಿ ರಾಜ್ಯದ ಹಣಕಾಸು ಯುರೋಪಿನ ಸಾಲಗಾರರ ಹಿತ ಕಾಯುವ ಅಂತಾರಾಷ್ಟ್ರೀಯ ಆಯೋಗವೊಂದರ ಹಿಡಿತಕ್ಕೆ ಹೋಯಿತು. 1881ರ ಮೇ 12ರಂದು ಬಾರ್ದೊ ಒಪ್ಪಂದಕ್ಕೆ ಸಹಿ ಬಿತ್ತು. ಟುನೀಶಿಯಾ ಫ್ರಾನ್ಸಿನ ರಕ್ಷಿತ ರಾಜ್ಯವೆಂಬ ಹೆಸರಿನಲ್ಲಿ ಅದರ ವಸಾಹತಾಯಿತು.

ಇದಕ್ಕೆಲ್ಲ ಒಂದು ಬ್ಯಾಂಕೇ ಕಾರಣವೆಂದು ಹೇಳುವುದು ಅತಿಸರಳೀಕರಣವಾಗುತ್ತದೆ. ಆಸ್ಥಾನದ ದುಂದು, ಮಂತ್ರಿಗಳ ಭ್ರಷ್ಟತೆ, ಯುರೋಪಿನ ರಾಷ್ಟ್ರಗಳ ಪೈಪೋಟಿ ಇವೆಲ್ಲವೂ ಸೇರಿಕೊಂಡಿದ್ದವು. ಆದರೂ ದೆರ್ಲಾಂಜೆಯವರು ಟುನೀಶಿಯಾದಲ್ಲಿ ನೆಲೆಸಲು, ಅರಮನೆ ಕಟ್ಟಿಸಲು, ಸಂಗೀತಗಾರರನ್ನು ಪೋಷಿಸಲು ಬಳಸಿದ ಸಂಪತ್ತು ಇಂಥ ವ್ಯವಹಾರಗಳಿಂದ ಬೆಳೆದ ಮನೆತನದ್ದೇ. ಈ ಸಂಗತಿಯನ್ನು ಬದಿಗಿಟ್ಟು ಅವರ ಕಲಾಪೋಷಣೆಯನ್ನು ಮಾತ್ರ ಹೊಗಳುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಈ ಸಂಗತಿಯೊಂದನ್ನೇ ಹಿಡಿದು ಅವರ ವಿದ್ವತ್ತನ್ನು ತಳ್ಳಿಹಾಕುವುದೂ ನ್ಯಾಯವಲ್ಲ.

ಸೀದಿ ಬೂ ಸಯೀದ್

ದೆರ್ಲಾಂಜೆಯವರ ಆರೋಗ್ಯ ಸೂಕ್ಷ್ಮವಾಗಿತ್ತು. ಒಳ್ಳೆಯ ಹವೆಯನ್ನು ಅರಸಿ ಅವರು 1910ರ ಸುಮಾರಿಗೆ ಟುನಿಸ್ ಹತ್ತಿರದ ಸೀದಿ ಬೂ ಸಯೀದ್ ಎಂಬ ಹಳ್ಳಿಗೆ ಬಂದರು. ಸಮುದ್ರದ ದಂಡೆಯ ಗುಡ್ಡದ ಮೇಲಿರುವ ಈ ಹಳ್ಳಿಗೆ 1231ರಲ್ಲಿ ತೀರಿಕೊಂಡ ಸೂಫಿ ಸಂತ ಅಬೂ ಸಯೀದ್ ಅಲ್ ಬಾಜಿಯ ಹೆಸರಿದೆ. ಸಂತನ ಗೋರಿಯ ಸುತ್ತ ಬೆಳೆದ ಊರು ಅದು. ಇಲ್ಲಿ ದೆರ್ಲಾಂಜೆ 1912ರಿಂದ 1922ರವರೆಗೆ ಹತ್ತು ವರ್ಷ ಹಿಡಿದು ತಮ್ಮ ಅರಮನೆಯನ್ನು ಕಟ್ಟಿಸಿದರು. ಅದಕ್ಕೆ ‘ನಜ್ಮಾ ಜಹ್ರಾ’, ಅಂದರೆ ಹೊಳೆಯುವ ನಕ್ಷತ್ರ ಎಂದು ಹೆಸರಿಟ್ಟರು. ಕೆತ್ತಿದ ಮರ, ಗಾರೆಯ ಕುಸುರಿ, ಅಮೃತಶಿಲೆ ಇವುಗಳಲ್ಲಿ ಅರಬ್ ಮತ್ತು ಆಂದಲೂಸಿ ವಾಸ್ತುಶೈಲಿಯನ್ನು ಅನುಸರಿಸಲಾಯಿತು. ಅಳಿಯುತ್ತಿದ್ದ ಕೈಕೆಲಸಗಳಿಗೆ ಈ ಹತ್ತು ವರ್ಷ ಆಸರೆ ಸಿಕ್ಕಿತು. ಹಳ್ಳಿಯ ಬಿಳಿ ಗೋಡೆ ಮತ್ತು ನೀಲಿ ಬಾಗಿಲುಗಳ ಸ್ವರೂಪವನ್ನು ರಕ್ಷಿಸುವ ರಾಜಾಜ್ಞೆ 1915ರಲ್ಲಿ ಹೊರಬಿದ್ದುದರ ಹಿಂದೆಯೂ ಅವರ ಪ್ರಯತ್ನವಿತ್ತು.

ಈ ಹೊತ್ತಿಗೆ ಅವರ ಆಸಕ್ತಿ ಬಣ್ಣದಿಂದ ನಾದದ ಕಡೆಗೆ ತಿರುಗಿತ್ತು. ಟುನೀಶಿಯಾದ ಶಾಸ್ತ್ರೀಯ ಸಂಗೀತ ಪರಂಪರೆಗೆ ‘ಮಾಲೂಫ್’ ಎಂದು ಹೆಸರು. ರೂಢಿಯಲ್ಲಿ ಬಂದದ್ದು, ಪರಿಚಿತವಾದದ್ದು ಎಂಬ ಅರ್ಥ ಆ ಶಬ್ದಕ್ಕಿದೆ. ಸ್ಪೇನಿನ ಮುಸ್ಲಿಮ್ ರಾಜ್ಯಗಳು ಒಂದೊಂದಾಗಿ ಬಿದ್ದಂತೆ ಹದಿಮೂರನೆಯ ಶತಮಾನದಿಂದ ಅಲ್ಲಿಯ ನಿರಾಶ್ರಿತರು ಇಲ್ಲಿಗೆ ಬಂದರು. 1609ರಲ್ಲಿ ಮೊರಿಸ್ಕೊ ಜನರನ್ನು ಸ್ಪೇನಿನಿಂದ ಹೊರದೂಡಿದಾಗ ಮತ್ತೆ ಸಾವಿರಾರು ಮಂದಿ ಬಂದು ನೆಲೆಸಿದರು. ಅವರೊಂದಿಗೆ ಬಂದ ಸಂಗೀತದ ನೆನಪು ಸ್ಥಳೀಯ ಪರಂಪರೆಯೊಂದಿಗೆ ಬೆರೆತು ಮಾಲೂಫ್ ರೂಪುಗೊಂಡಿತು ಎಂಬುದು ಆ ನಾಡಿನ ನಂಬಿಕೆ. ಹಾಡು ಮತ್ತು ವಾದನದ ಹಲವು ಭಾಗಗಳನ್ನು ಒಂದೇ ಸ್ವರಕ್ರಮದಲ್ಲಿ ಪೋಣಿಸಿದ ದೀರ್ಘ ರಚನೆಗೆ ‘ನೂಬಾ’ ಎನ್ನುತ್ತಾರೆ. ಟುನೀಶಿಯಾದ ಪರಂಪರೆಯಲ್ಲಿ ಹದಿಮೂರು ನೂಬಾಗಳನ್ನು ಹೇಳುತ್ತಾರೆ. ಹದಿನೆಂಟನೆಯ ಶತಮಾನದ ದೊರೆ ಮುಹಮ್ಮದ್ ರಶೀದ್ ಬೇ ಇವುಗಳಿಗೆ ಒಂದು ಕ್ರಮವನ್ನು ತಂದನೆಂದು ಪ್ರತೀತಿಯಿದೆ.

ಈ ಪರಂಪರೆ ಉಳಿದುಬಂದದ್ದು ಬರಹದಲ್ಲಲ್ಲ. ಸೂಫಿ ಪಂಥಗಳ ಮಠಗಳಂತಿದ್ದ ‘ಜಾವಿಯಾ’ಗಳಲ್ಲಿ, ಮದುವೆ ಮನೆಗಳಲ್ಲಿ, ನಗರದ ಕಾಫಿ ಅಂಗಡಿಗಳಲ್ಲಿ ಅದನ್ನು ಹಾಡುತ್ತಿದ್ದರು. ನಾಲ್ಕು ಜೋಡಿ ತಂತಿಗಳ ‘ಊದ್ ಅರ್ಬಿ’, ಎರಡು ತಂತಿಗಳ ರಬಾಬ್, ಜೋಡಿ ನಗಾರಿಗಳಾದ ‘ನಕ್ಕಾರಾತ್’, ಗೆಜ್ಜೆ ಬಿಲ್ಲೆಗಳ ‘ತಾರ್’ ಎಂಬ ತಮಟೆ ಇದರ ಮುಖ್ಯ ವಾದ್ಯಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನ ಹೊಸ ಹಾಡುಗಳು, ಗ್ರಾಮೊಫೋನ್ ಮುದ್ರಿಕೆಗಳು, ಪಿಯಾನೊ ಮತ್ತು ಹಾರ್ಮೋನಿಯಮ್‌ಗಳು ಟುನಿಸ್ ನಗರವನ್ನು ಪ್ರವೇಶಿಸಿದವು. ದೆರ್ಲಾಂಜೆ 1917ರಲ್ಲಿ ‘ರೆವ್ಯೂ ಟ್ಯುನಿಸಿಯೆನ್’ ಪತ್ರಿಕೆಯಲ್ಲಿ ಟುನೀಶಿಯಾದ ಅರಬ್ ಸಂಗೀತವನ್ನು ಕುರಿತು ಲೇಖನ ಬರೆದರು. ಈ ಸಂಗೀತ ಅವನತಿಯತ್ತ ಸಾಗುತ್ತಿದೆ, ಅದನ್ನು ಪರಕೀಯ ಪ್ರಭಾವದಿಂದ ರಕ್ಷಿಸಬೇಕು ಎಂಬುದು ಅವರ ನಿಲುವಾಗಿತ್ತು. ಸ್ಥಿರ ಶ್ರುತಿಯ ಯುರೋಪಿಯನ್ ವಾದ್ಯಗಳನ್ನು ಅವರು ಕಡೆಯವರೆಗೂ ಒಪ್ಪಲಿಲ್ಲ. ಯುರೋಪಿನವರೊಬ್ಬರು ಯುರೋಪಿನ ಪ್ರಭಾವವನ್ನು ತಡೆಯುವ ಕಾವಲುಗಾರರಾದ ಈ ಸ್ಥಿತಿ ವಸಾಹತು ಕಾಲದ ವಿದ್ವತ್ತಿನ ಒಂದು ವಿರೋಧಾಭಾಸ.

ಗುರುಗಳು ಮತ್ತು ಗ್ರಂಥಗಳು

ದೆರ್ಲಾಂಜೆಯವರಿಗೆ ಮಾಲೂಫಿನ ಒಳಗುಟ್ಟನ್ನು ತಿಳಿಸಿಕೊಟ್ಟವರು ಶೇಖ್ ಅಹ್ಮದ್ ಅಲ್ ವಾಫಿ. ಹಾಡುಗಾರಿಕೆ, ರಚನೆ, ಶಾಸ್ತ್ರ ಮೂರರಲ್ಲೂ ನುರಿತಿದ್ದ ವಾಫಿಯವರು ಆ ಕಾಲದ ಟುನಿಸ್‌ನಲ್ಲಿ ಅತ್ಯಂತ ಗೌರವಕ್ಕೆ ಪಾತ್ರರಾಗಿದ್ದ ಸಂಗೀತಗಾರರು. 1921ರಲ್ಲಿ ಅವರು ತೀರಿಕೊಳ್ಳುವವರೆಗೂ ಈ ಗುರು-ಶಿಷ್ಯ ಸಂಬಂಧ ಮುಂದುವರಿಯಿತು. ಎರಡನೆಯವರು ಮನೂಬಿ ಸನೂಸಿ. 1901ರಲ್ಲಿ ಜನಿಸಿದ ಸನೂಸಿ ಅರಬ್ಬಿ ಮತ್ತು ಫ್ರೆಂಚ್ ಎರಡೂ ಬಲ್ಲವರು. ಎಳೆಯ ವಯಸ್ಸಿನಲ್ಲೇ ಬ್ಯಾರನ್ನರ ಕಾರ್ಯದರ್ಶಿಯಾಗಿ ಸೇರಿ ಹಸ್ತಪ್ರತಿಗಳ ಓದು, ಅನುವಾದ, ಸಂಪಾದನೆಗಳಲ್ಲಿ ಅವರ ಬಲಗೈಯಾದರು. ಮೂರನೆಯವರು ಸಿರಿಯಾದ ಅಲೆಪ್ಪೊ ನಗರದ ಶೇಖ್ ಅಲಿ ದರ್ವೀಶ್. ‘ನೇಯ್’ ಎಂಬ ಕೊಳಲಿನ ವಾದಕರಾಗಿದ್ದ ಅವರು ಮೌಲವಿ ಸೂಫಿ ಪರಂಪರೆಯಲ್ಲಿ ಬೆಳೆದವರು. 1931ರಲ್ಲಿ ಸೀದಿ ಬೂ ಸಯೀದಿಗೆ ಬಂದು ಪೂರ್ವದ ಅರಬ್ ನಾಡುಗಳಲ್ಲಿ ಬಳಕೆಯಲ್ಲಿದ್ದ ಮಕಾಮ್‌ಗಳನ್ನೂ ಲಯಚಕ್ರಗಳನ್ನೂ ವಿವರಿಸಿದರು. ಮಕಾಮ್ ಎಂಬುದು ರಾಗವನ್ನು ಹೋಲುವ ಪರಿಕಲ್ಪನೆ. ಸ್ವರಗಳ ಸಾಲಷ್ಟೇ ಅಲ್ಲದೆ ಅವುಗಳ ಸಂಚಾರ ಕ್ರಮವನ್ನೂ ಅದು ಒಳಗೊಳ್ಳುತ್ತದೆ.

ಜೀವಂತ ಪ್ರಯೋಗವನ್ನು ಅರಿತ ಮೇಲೆ ಅದರ ಬೇರುಗಳನ್ನು ಹುಡುಕಲು ದೆರ್ಲಾಂಜೆ ಮಧ್ಯಯುಗದ ಶಾಸ್ತ್ರಗ್ರಂಥಗಳತ್ತ ತಿರುಗಿದರು. ಅವುಗಳಲ್ಲಿ ಮೊದಲನೆಯದು 950ರಲ್ಲಿ ತೀರಿಕೊಂಡ ದಾರ್ಶನಿಕ ಅಲ್ ಫಾರಾಬಿಯ ಸಂಗೀತದ ಮಹಾಗ್ರಂಥ. ಊದ್, ಬಾಗ್ದಾದಿನ ತಂಬೂರ್, ಖೊರಾಸಾನಿನ ತಂಬೂರ್, ಕೊಳಲು, ರಬಾಬ್ ಮುಂತಾದ ವಾದ್ಯಗಳ ಶ್ರುತಿ ಮತ್ತು ಸ್ವರಸ್ಥಾನಗಳನ್ನು ಅದರಲ್ಲಿ ವಿವರಿಸಲಾಗಿದೆ. ಈ ಗ್ರಂಥದ ವೈಶಿಷ್ಟ್ಯವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎಂಟನೆಯ ಶತಮಾನದ ಬಾಗ್ದಾದಿನಲ್ಲಿ ಮನ್ಸೂರ್ ಜಲ್ಜಲ್ ಎಂಬ ಊದ್ ವಾದಕನಿದ್ದ. ನಡುಬೆರಳಿನಿಂದ ಒತ್ತುವ ಒಂದು ವಿಶಿಷ್ಟ ಸ್ವರಸ್ಥಾನ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಗ್ರೀಕ್ ಗಣಿತದ ಸರಳ ಲೆಕ್ಕಕ್ಕೆ ಹೊಂದದ ಈ ಸ್ವರವನ್ನು ಫಾರಾಬಿ ತಪ್ಪೆಂದು ಬಿಡಲಿಲ್ಲ. ಅದಕ್ಕೆ 22ಕ್ಕೆ 27ರ ಅನುಪಾತವನ್ನು ಕೊಟ್ಟು ಶಾಸ್ತ್ರದೊಳಗೆ ಸೇರಿಸಿಕೊಂಡ. ವಾದಕನ ಬೆರಳು ಮುಂದೆ ಹೋದಾಗ ಶಾಸ್ತ್ರ ಅದನ್ನು ಹಿಂಬಾಲಿಸಬೇಕು ಎಂಬ ವಿವೇಕ ಇಲ್ಲಿದೆ. ಪಿಯಾನೊದ ಬಿಳಿ, ಕಪ್ಪು ಮನೆಗಳಲ್ಲಿ ಈ ಸ್ವರಕ್ಕೆ ಜಾಗವಿಲ್ಲ. ದೆರ್ಲಾಂಜೆಯವರ ವಿರೋಧ ಬರಿಯ ಹಳೆಯದರ ಮೋಹವಲ್ಲ, ಅದಕ್ಕೆ ಶಾಸ್ತ್ರೀಯ ಕಾರಣವೂ ಇತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಫಾರಾಬಿಯ ಗ್ರಂಥದ ಮೊದಲ ಎರಡು ಭಾಗಗಳ ಫ್ರೆಂಚ್ ಅನುವಾದ ‘ಲಾ ಮ್ಯೂಸಿಕ್ ಅರಾಬ್’ ಮಾಲೆಯ ಪ್ರಥಮ ಸಂಪುಟವಾಗಿ 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಉಳಿದ ಭಾಗ, 1037ರಲ್ಲಿ ತೀರಿಕೊಂಡ ಇಬ್ನ್ ಸೀನಾನ ಸಂಗೀತ ವಿಚಾರ, ಅಷ್ಟಕವನ್ನು ಹದಿನೇಳು ಅಂತರಗಳಾಗಿ ಒಡೆದು ತೋರಿಸಿದ ಹದಿಮೂರನೆಯ ಶತಮಾನದ ಸಫಿಯುದ್ದೀನ್ ಉರ್ಮವಿಯ ಶಾಸ್ತ್ರ ಮುಂತಾದವು ಮುಂದಿನ ಸಂಪುಟಗಳಿಗಾಗಿ ಸಿದ್ಧವಾಗುತ್ತಿದ್ದವು. ಮೊದಲ ನಾಲ್ಕು ಸಂಪುಟಗಳು ಹಳೆಯ ಗ್ರಂಥಗಳಿಗೆ, ಕೊನೆಯ ಎರಡು ಸಂಪುಟಗಳು ಆಗಿನ ಕಾಲದ ಪ್ರಯೋಗಕ್ಕೆ ಎಂಬ ಯೋಜನೆಯೇ ಮುಖ್ಯವಾದುದು. ಸಾವಿರ ವರ್ಷದ ಹಿಂದಿನ ಶಾಸ್ತ್ರವನ್ನೂ ಸಮಕಾಲೀನ ಗಾಯಕನ ಕಂಠವನ್ನೂ ಒಂದೇ ಪರಂಪರೆಯ ಎರಡು ತುದಿಗಳೆಂದು ಭಾವಿಸಿದ ಯೋಜನೆ ಅದು. ಈ ಎರಡರ ನಡುವೆ ಆಗಿರಬಹುದಾದ ಬದಲಾವಣೆ, ಬಿರುಕುಗಳನ್ನು ಅದು ಸಾಕಷ್ಟು ಗಮನಿಸಲಿಲ್ಲ ಎಂಬ ಆಕ್ಷೇಪಕ್ಕೂ ಇಲ್ಲಿ ಎಡೆಯಿದೆ.

ಕೈರೋ ಸಮ್ಮೇಳನ

ದೆರ್ಲಾಂಜೆಯವರ ವಿದ್ವತ್ತಿನ ಕೀರ್ತಿ ಈಜಿಪ್ಟನ್ನು ತಲುಪಿತ್ತು. ದೊರೆ ಒಂದನೆಯ ಫುವಾದ್ ಅರಬ್ ಸಂಗೀತವನ್ನು ಕುರಿತು ಅಂತಾರಾಷ್ಟ್ರೀಯ ಸಮ್ಮೇಳನವೊಂದನ್ನು ನಡೆಸಲು ನಿಶ್ಚಯಿಸಿದಾಗ ಅದರ ರೂಪರೇಷೆಯನ್ನು ಸಿದ್ಧಪಡಿಸುವಲ್ಲಿ ದೆರ್ಲಾಂಜೆ ಪ್ರಮುಖ ಪಾತ್ರ ವಹಿಸಿದರು. 1932ರ ಮಾರ್ಚ್ 14ರಿಂದ ಏಪ್ರಿಲ್ 3ರವರೆಗೆ ಕೈರೋದಲ್ಲಿ ನಡೆದ ಈ ಸಮ್ಮೇಳನ ಅರಬ್ ಸಂಗೀತದ ಆಧುನಿಕ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಹಂಗೇರಿಯ ಬೇಲಾ ಬಾರ್ಟೋಕ್, ಜರ್ಮನಿಯ ಪೌಲ್ ಹಿಂಡೆಮಿತ್, ಕುರ್ಟ್ ಸಾಕ್ಸ್, ರಾಬರ್ಟ್ ಲಾಖ್ಮನ್, ಸ್ಕಾಟ್‌ಲೆಂಡಿನ ಹೆನ್ರಿ ಜಾರ್ಜ್ ಫಾರ್ಮರ್ ಮೊದಲಾದವರು ಅರಬ್ ವಿದ್ವಾಂಸರೊಂದಿಗೆ ಅಲ್ಲಿ ಸೇರಿದರು. ಮೊರೊಕ್ಕೊ, ಅಲ್ಜೀರಿಯಾ, ಟುನೀಶಿಯಾ, ಈಜಿಪ್ಟ್, ಸಿರಿಯಾ, ಇರಾಕ್‌ಗಳಿಂದ ವಾದಕರ ತಂಡಗಳು ಬಂದವು. ಹಸನ್ ಹುಸ್ನಿ ಅಬ್ದುಲ್ ವಹ್ಹಾಬ್ ಅವರ ನೇತೃತ್ವದ ಟುನೀಶಿಯಾದ ನಿಯೋಗದಲ್ಲಿ ರಬಾಬ್ ವಾದಕ ಮುಹಮ್ಮದ್ ಘಾನಿಮ್, ಊದ್ ವಾದಕ ಖುಮಯ್ಯಿಸ್ ತರ್ನಾನ್ ಇದ್ದರು.

ಈ ಸಮಾವೇಶದ ರೂವಾರಿಗಳಲ್ಲಿ ಒಬ್ಬರಾದ ದೆರ್ಲಾಂಜೆ ಮಾತ್ರ ಅಲ್ಲಿರಲಿಲ್ಲ. ಕಾಯಿಲೆ ಅವರನ್ನು ಸೀದಿ ಬೂ ಸಯೀದಿನಲ್ಲೇ ಹಿಡಿದು ನಿಲ್ಲಿಸಿತ್ತು. ಅಲಿ ದರ್ವೀಶ್ ಅವರ ನೆರವಿನಿಂದ ಸಿದ್ಧಪಡಿಸಿದ ಮಕಾಮ್ ಮತ್ತು ಲಯಗಳ ವಿವರಗಳು ಅವರ ಪರವಾಗಿ ಸಮ್ಮೇಳನದ ಮುಂದೆ ಬಂದವು. ಅಲ್ಲಿ ನಡೆದ ಚರ್ಚೆಗಳು ದೆರ್ಲಾಂಜೆಯವರ ಜೀವಮಾನದ ಪ್ರಶ್ನೆಗಳೇ ಆಗಿದ್ದವು. ಅಷ್ಟಕವನ್ನು 24 ಸಮಭಾಗಗಳಾಗಿ ವಿಂಗಡಿಸಬಹುದೇ, ಇಲ್ಲವೇ ಮಕಾಮಿನಿಂದ ಮಕಾಮಿಗೆ ಬದಲಾಗುವ ಸೂಕ್ಷ್ಮ ಅಂತರಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೇ ಎಂಬ ಬಗ್ಗೆ ಒಮ್ಮತ ಮೂಡಲಿಲ್ಲ. ಪಿಯಾನೊ, ಚೆಲ್ಲೊಗಳನ್ನು ಅರಬ್ ವಾದ್ಯವೃಂದಕ್ಕೆ ಸೇರಿಸಬೇಕೆಂದು ಈಜಿಪ್ಟಿನ ಹಲವು ಪ್ರತಿನಿಧಿಗಳು ವಾದಿಸಿದರು. ಸಾಕ್ಸ್ ಮತ್ತಿತರ ಯುರೋಪಿಯನ್ನರು ಅದನ್ನು ವಿರೋಧಿಸಿದರು.

ಈ ವಾದವಿವಾದದಲ್ಲಿ ಯಾರು ಸರಿ ಎಂಬುದಕ್ಕಿಂತ ಯಾರು ಯಾವ ಪಕ್ಷದಲ್ಲಿದ್ದರು ಎಂಬುದು ಹೆಚ್ಚು ಅರ್ಥಪೂರ್ಣ. ಆಧುನಿಕ ರಾಷ್ಟ್ರವಾಗಲು ಹಂಬಲಿಸುತ್ತಿದ್ದ ಈಜಿಪ್ಟಿನ ಸಂಗೀತಗಾರರಿಗೆ ಬದಲಾವಣೆ ತಮ್ಮ ಹಕ್ಕು ಎನಿಸಿತ್ತು. ಯುರೋಪಿನ ವಿದ್ವಾಂಸರಿಗೆ ಅರಬ್ ಸಂಗೀತ ಮಧ್ಯಯುಗದ ಜೀವಂತ ಅವಶೇಷವಾಗಿ ಉಳಿಯಬೇಕಿತ್ತು. ತಮ್ಮ ನಾಡಿನಲ್ಲಿ ಮರೆಯಾದ ವಾದ್ಯಗಳ ಬಂಧುಗಳನ್ನು ಇಲ್ಲಿ ಕಂಡ ಅವರಿಗೆ ಅದನ್ನು ಹಾಗೆಯೇ ಉಳಿಸುವ ಆಸೆ ಸಹಜವಾಗಿತ್ತು. ಆದರೆ ಪರಂಪರೆಯನ್ನು ಬದುಕುತ್ತಿರುವವರಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲವೆಂದು ಹೊರಗಿನವರು ಹೇಳಬಹುದೇ ಎಂಬ ಪ್ರಶ್ನೆಗೆ ಅವರಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಚರ್ಚೆಗಳು ಮುಗಿಯದೆ ಉಳಿದರೂ ಸಮ್ಮೇಳನ ಒಂದು ಶಾಶ್ವತ ಕಾಣಿಕೆಯನ್ನು ಕೊಟ್ಟಿತು. ಲಾಖ್ಮನ್ ಅವರ ಮೇಲ್ವಿಚಾರಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ಧ್ವನಿಮುದ್ರಣಗಳಾದವು. 2015ರಲ್ಲಿ ಇವು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಸಹಯೋಗದಲ್ಲಿ 18 ಸಿ.ಡಿ.ಗಳಾಗಿ ಮರುಪ್ರಕಟಗೊಂಡವು. ಘಾನಿಮ್, ತರ್ನಾನ್ ಅವರ ನುಡಿಸಾಣಿಕೆ ಇಂದಿಗೂ ಕೇಳಸಿಗುವುದು ಹೀಗೆ.

ಮರಣ ಮತ್ತು ಅನಂತರ

ಸಮ್ಮೇಳನ ಮುಗಿದ ಏಳು ತಿಂಗಳೊಳಗೆ, 1932ರ ಅಕ್ಟೋಬರ್ 29ರಂದು ದೆರ್ಲಾಂಜೆ ಸೀದಿ ಬೂ ಸಯೀದಿನಲ್ಲಿ ನಿಧನ ಹೊಂದಿದರು. ಆಗ ಅವರಿಗೆ ಅರುವತ್ತು ವರ್ಷ. ಅವರು ಕಟ್ಟಿಸಿದ ಅರಮನೆಯ ಆವರಣದಲ್ಲೇ ಅವರ ಸಮಾಧಿಯಿದೆ. ಆರು ಸಂಪುಟಗಳಲ್ಲಿ ಅವರು ಕಣ್ಣಾರೆ ಕಂಡದ್ದು ಮೊದಲನೆಯದನ್ನು ಮಾತ್ರ. ಎರಡನೆಯ ಸಂಪುಟ 1935ರಲ್ಲಿ, ಮೂರನೆಯದು 1938ರಲ್ಲಿ, ನಾಲ್ಕನೆಯದು 1939ರಲ್ಲಿ ಹೊರಬಂದವು. ಯುದ್ಧದ ಕಾರಣ ಹತ್ತು ವರ್ಷ ಕೆಲಸ ನಿಂತಿತು. ಸ್ವರ ಮತ್ತು ಮಕಾಮ್‌ಗಳನ್ನು ಕುರಿತ ಐದನೆಯ ಸಂಪುಟ 1949ರಲ್ಲಿ, ಲಯ ಮತ್ತು ರಚನೆಗಳನ್ನು ಕುರಿತ ಆರನೆಯ ಸಂಪುಟ 1959ರಲ್ಲಿ ಪ್ರಕಟವಾದವು. ಬ್ಯಾರನ್ ತೀರಿಕೊಂಡು ಇಪ್ಪತ್ತೇಳು ವರ್ಷಗಳ ಮೇಲೆ ಈ ಕೆಲಸ ಪೂರ್ಣಗೊಳ್ಳಲು ಮುಖ್ಯ ಕಾರಣರಾದವರು ಮನೂಬಿ ಸನೂಸಿ. ಅಷ್ಟರಲ್ಲಿ 1956ರಲ್ಲಿ ಟುನೀಶಿಯಾ ಸ್ವತಂತ್ರವಾಗಿತ್ತು. ಆದರೂ ಕೊನೆಯ ಸಂಪುಟದ ಕರ್ತೃವಿನ ಸ್ಥಾನದಲ್ಲಿ ಇದ್ದದ್ದು ಬ್ಯಾರನ್ನರ ಹೆಸರೇ.

ಅತ್ತ ಟುನಿಸ್‌ನಲ್ಲಿ ಸಂಗೀತಗಾರರು ತಮ್ಮದೇ ದಾರಿ ಹಿಡಿದರು. ಕೈರೋ ಸಮ್ಮೇಳನ ನಡೆದ ಎರಡು ವರ್ಷಗಳಲ್ಲಿ, 1934ರಲ್ಲಿ, ರಶೀದ್ ಬೇಯ ಹೆಸರನ್ನು ಹೊತ್ತ ‘ರಶೀದಿಯ್ಯಾ’ ಸಂಸ್ಥೆ ಸ್ಥಾಪನೆಯಾಯಿತು. ಕೈರೋದಿಂದ ಮರಳಿದ ತರ್ನಾನ್ ಅದರ ಪ್ರಮುಖ ಗುರುಗಳಲ್ಲಿ ಒಬ್ಬರಾದರು. ಅಲಿ ದರ್ವೀಶ್ ಅವರೂ ಅಲ್ಲಿ ಪಾಠ ಹೇಳಿದರು. ಮುಹಮ್ಮದ್ ತ್ರೀಕಿ ಮಾಲೂಫಿನ ರಚನೆಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟು, ಪಿಟೀಲು ಮತ್ತು ಚೆಲ್ಲೊಗಳಿರುವ ದೊಡ್ಡ ವಾದ್ಯವೃಂದವನ್ನೂ ಮೇಳಗಾಯನವನ್ನೂ ರೂಪಿಸಿದರು. ನಾಲ್ಕಾರು ವಾದಕರ ಸಣ್ಣ ಮೇಳವನ್ನು ಮೆಚ್ಚಿದ್ದ ದೆರ್ಲಾಂಜೆಯವರಿಗೆ ಇದು ರುಚಿಸುತ್ತಿರಲಿಲ್ಲ. ಆದರೆ ಮಾಲೂಫ್ ಸಾರ್ವಜನಿಕ ಸಭಾಂಗಣಕ್ಕೆ, ರೇಡಿಯೊಗೆ, ಶಾಲೆಗೆ ಬಂದದ್ದು ಈ ಹೊಸ ರೂಪದಲ್ಲಿಯೇ. ಬ್ಯಾರನ್ ಕಾಪಾಡಬಯಸಿದ ವಾದ್ಯಗಳಲ್ಲಿ ರಬಾಬ್ ಹಿಂದೆ ಸರಿಯಿತು. ಆ ವಾದ್ಯ ನುಡಿಸುತ್ತಿದ್ದ ಸಂಗೀತ ಮಾತ್ರ ಮುಂದುವರಿಯಿತು.

ನಜ್ಮಾ ಜಹ್ರಾ ಅರಮನೆ ಮುಂದೆ ಟುನೀಶಿಯಾ ಸರ್ಕಾರದ ಸ್ವತ್ತಾಯಿತು. 1990ರ ದಶಕದ ಆರಂಭದಿಂದ ಅಲ್ಲಿ ಅರಬ್ ಮತ್ತು ಮೆಡಿಟರೇನಿಯನ್ ಸಂಗೀತಗಳ ಕೇಂದ್ರ ರೂಪುಗೊಂಡಿತು. ಬ್ಯಾರನ್ನರ ವಾದ್ಯಸಂಗ್ರಹ, ರಾಷ್ಟ್ರೀಯ ಧ್ವನಿಭಂಡಾರ, ಸಂಗೀತ ಕಛೇರಿಗಳು ಅದರ ಅಂಗಗಳು. 1863ರ ಸಾಲದಿಂದ ಶ್ರೀಮಂತವಾದ ಮನೆತನದ ಕಟ್ಟಡ ಸಾಲ ತೀರಿಸಿದ ನಾಡಿನ ಪ್ರಜೆಗಳ ಸಂಗೀತಶಾಲೆಯಾದದ್ದು ಚರಿತ್ರೆಯ ಒಂದು ಬಗೆಯ ನ್ಯಾಯ.

ಉಪಸಂಹಾರ

ದೆರ್ಲಾಂಜೆಯವರ ಸಾಧನೆಯನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು. ಮಧ್ಯಯುಗದ ಅರಬ್ ಸಂಗೀತಶಾಸ್ತ್ರದ ಮುಖ್ಯ ಗ್ರಂಥಗಳು ಅರಬ್ಬಿ ತಿಳಿಯದ ಸಂಶೋಧಕರಿಗೂ ದೊರೆಯುವಂತಾದದ್ದು ಮೊದಲನೆಯದು. ಗ್ರಂಥಸ್ಥ ಶಾಸ್ತ್ರವನ್ನು ಪ್ರಚಲಿತ ಪ್ರಯೋಗದೊಂದಿಗೆ ಇಟ್ಟು ನೋಡುವ ವಿಧಾನವನ್ನು ಬೆಳೆಸಿದ್ದು ಎರಡನೆಯದು. ಕಣ್ಮರೆಯಾಗುತ್ತಿದ್ದ ವಾದ್ಯ ಮತ್ತು ವಾದಕರಿಗೆ ಆಸರೆಯಾದದ್ದು ಮೂರನೆಯದು. ಪಲೆರ್ಮೊದ ಚಾವಣಿಯ ಮೇಲೆ ಊದ್ ಹಿಡಿದು ಕುಳಿತ ಚಿತ್ರದ ವಾದಕನಿಗೆ ರೂಪವಿದೆ, ಶ್ರುತಿಯಿಲ್ಲ. ಫಾರಾಬಿಯ ಗ್ರಂಥದಲ್ಲಿ ಶ್ರುತಿಯ ಲೆಕ್ಕವಿದೆ, ನಾದವಿಲ್ಲ. ಆ ರೂಪಕ್ಕೂ ಲೆಕ್ಕಕ್ಕೂ ನಾದವನ್ನು ಕೊಡಬಲ್ಲವರು ವಾಫಿ, ದರ್ವೀಶ್, ಘಾನಿಮ್, ತರ್ನಾನ್ ಅವರಂಥ ಸಂಗೀತಗಾರರು. ಇದನ್ನು ಅರಿತು ಅವರ ಬಳಿ ಶಿಷ್ಯರಾಗಿ ಕುಳಿತದ್ದು ದೆರ್ಲಾಂಜೆಯವರ ದೊಡ್ಡತನ.

ಅದೇ ಕಾರಣಕ್ಕೆ ಅವರ ಹೆಸರಿನ ಗ್ರಂಥಗಳನ್ನು ಓದುವವರು ಹಲವು ಕೈಗಳ ದುಡಿಮೆಯನ್ನು ಅವುಗಳಲ್ಲಿ ಕಾಣಬೇಕು. ವಸಾಹತು ಕಾಲದ ಸಂಗ್ರಹ, ನಿಘಂಟು, ಅನುವಾದಗಳನ್ನು ಇಂದು ಮರಳಿ ಪರಿಶೀಲಿಸುವಾಗ ಸಂಗ್ರಹಕಾರನ ಉದ್ದೇಶವನ್ನು ಪ್ರಶ್ನಿಸುವುದು ಸಾಮಾನ್ಯವಾಗಿದೆ. ಅದು ಅಗತ್ಯವೂ ಹೌದು. ಅದರ ಜೊತೆಗೆ ಆ ಸಂಗ್ರಹಕ್ಕೆ ಜ್ಞಾನವನ್ನು ಕೊಟ್ಟವರ ಹೆಸರುಗಳನ್ನು ಹುಡುಕಿ ಕರ್ತೃತ್ವದ ಪಾಲನ್ನು ಅವರಿಗೆ ಸಲ್ಲಿಸುವ ಕೆಲಸವೂ ನಡೆಯಬೇಕಾಗಿದೆ. ದೆರ್ಲಾಂಜೆಯವರ ತಂದೆಯ ಬ್ಯಾಂಕು ಟುನೀಶಿಯಾಕ್ಕೆ ಕೊಟ್ಟ ಸಾಲದ ಲೆಕ್ಕಪತ್ರಗಳು ಬಹಳ ಹಿಂದೆಯೇ ಮುಗಿದಿವೆ. ಟುನೀಶಿಯಾದ ಶೇಖ್‌ಗಳಿಂದ ಮಗ ಪಡೆದ ವಿದ್ಯೆಯ ಋಣ ಇನ್ನೂ ಪೂರ್ತಿಯಾಗಿ ದಾಖಲಾಗಿಲ್ಲ.